ಹತ್ತನೇ ದಿನದ ಮೂಗು, ಹತ್ತನೇ ತಿಂಗಳ ಮೂಗು

ಮೂಗಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ವಿದ್ಯಾನಗರದಲ್ಲಿ ಯಾರ ಕಣ್ಣಿಗೂ ಬೀಳದೆ ಓಡಾಡುವುದು ಕಷ್ಟ. ಕಾಸರಗೋಡು ಜಿಲ್ಲೆಯ ಸಿವಿಲ್ ಸ್ಟೇಷನ್ ಇಲ್ಲಿದೆ, ಕೋರ್ಟು ಇಲ್ಲಿದೆ, 1957ರಲ್ಲಿ ಶುರುವಾದ ಸರಕಾರಿ ಕಾಲೇಜು ಇಲ್ಲಿದೆ. ಪಕ್ಕದಲ್ಲೇ ಷಟ್ಪಥದ ರಾಷ್ಟ್ರೀಯ ಹೆದ್ದಾರಿ 66. ಮಂಜೇಶ್ವರದ ಜಾಗದ ತಕರಾರಿನವರು, ಬದಿಯಡ್ಕದ ರೇಷನ್ ಕಾರ್ಡಿನವರು, ಮುಳ್ಳೇರಿಯದಿಂದ ಕಾಲೇಜಿಗೆ ಬಂದವರು, ಎಲ್ಲರೂ ಒಂದಲ್ಲ ಒಂದು ದಿನ ಇಲ್ಲಿ ಬಸ್ಸಿಳಿಯಲೇಬೇಕು. ಕಾಲಿಗೆ ಪ್ಲಾಸ್ಟರ್ ಹಾಕಿದವರನ್ನು ಜನ ಒಮ್ಮೆ ವಿಚಾರಿಸಿ ಬಿಟ್ಟುಬಿಡುತ್ತಾರೆ. ಮೂಗಿಗೆ ಹಾಕಿದವರನ್ನು ಹಾಗೆ ಬಿಡುವುದಿಲ್ಲ. ಮೊದಲ ವಾರ, "ಎಂತಾಯ್ತು ಮಾರಾಯಾ, ಬೈಕಿನಿಂದ ಬಿದ್ದದ್ದಾ?" ಮೂರನೇ ವಾರ, "ಇನ್ನೂ ಊತ ಇಳೀಲಿಲ್ವಾ?"

ಮೊದಲನೇ ಪ್ರಶ್ನೆಗೆ ಏನಾದರೊಂದು ಹೇಳಿ ತಪ್ಪಿಸಿಕೊಳ್ಳಬಹುದು. ಎರಡನೆಯದು ಪ್ಲಾಸ್ಟರ್ ಹಾಕಿಸಿಕೊಂಡವರ ತಲೆಯಲ್ಲೇ ಕೊರೆಯುತ್ತಿರುವ ಪ್ರಶ್ನೆ. ಕನ್ನಡಿಯ ಮುಂದೆ ನಿಂತು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವರು ಅದನ್ನೇ ಕೇಳಿಕೊಂಡಿರುತ್ತಾರೆ. ಡಾಕ್ಟರು ಶಸ್ತ್ರಚಿಕಿತ್ಸೆಗೆ ಮೊದಲೇ ಉತ್ತರ ಹೇಳಿರುತ್ತಾರೆ. ಆದರೆ "ಒಂದು ವರ್ಷ" ಎಂಬ ಮಾತು ಆಗ ಯಾರ ಕಿವಿಗೂ ಬೀಳುವುದಿಲ್ಲ.

ಲೆಕ್ಕ ಸ್ಥೂಲವಾಗಿ ಹೀಗಿದೆ. ಮೂಗಿನ ಆಕಾರ ತಿದ್ದುವ ಶಸ್ತ್ರಚಿಕಿತ್ಸೆಯಾದರೆ, ಅಂದರೆ ರೈನೋಪ್ಲಾಸ್ಟಿಯಾದರೆ, ಮೊದಲ ಎರಡು ಮೂರು ದಿನ ಊತ ಇಳಿಯುವುದಿರಲಿ, ಏರುತ್ತಲೇ ಹೋಗುತ್ತದೆ. ಮೂರನೇ ದಿನ ಕಣ್ಣು ಅರ್ಧ ಮುಚ್ಚಿರುವುದೂ ಉಂಟು. ಆಮೇಲೆ ಇಳಿತ ಶುರು. ಪ್ಲಾಸ್ಟರ್ ಅಥವಾ ಸ್ಪ್ಲಿಂಟನ್ನು ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ. ಕಣ್ಣಿನ ಸುತ್ತಲಿನ ನೀಲಿ ಬಣ್ಣ ಹಸಿರಾಗಿ, ಹಳದಿಯಾಗಿ, ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಮಾಯವಾಗುತ್ತದೆ. ಒಂದು ತಿಂಗಳಾಗುವಾಗ ಬೀದಿಯಲ್ಲಿ ಎದುರಾದವರಿಗೆ ಏನೂ ಗೊತ್ತಾಗುವುದಿಲ್ಲ. ಮನೆಯವರಿಗೆ ಗೊತ್ತಾಗುತ್ತದೆ. ಮೂಗಿನ ಯಜಮಾನರಿಗಂತೂ ಗೊತ್ತಾಗಿಯೇ ಆಗುತ್ತದೆ. ಮುಖದ ಮೂರು ಆಯಾಮದ (3ಡಿ) ಚಿತ್ರ ತೆಗೆದು ಊತವನ್ನು ಅಳೆದ ಅಮೆರಿಕದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಊತದ ಮೂರನೇ ಎರಡು ಪಾಲು ಮೊದಲ ತಿಂಗಳಲ್ಲೇ ಇಳಿಯುತ್ತದೆ, ಆರು ತಿಂಗಳಿಗೆ ಶೇ 95ರಷ್ಟು, ವರ್ಷ ತುಂಬುವಾಗ ಶೇ 97.5ರಷ್ಟು.

ಈ ಅಂಕಿಗಳನ್ನು ಕಂಡು ಸಮಾಧಾನವೂ ಆಗಬಹುದು, ಗಾಬರಿಯೂ ಆಗಬಹುದು. ಒಂದು ತಿಂಗಳ ರಜೆಯಲ್ಲಿ ದುಬೈಯಿಂದ ಊರಿಗೆ ಬಂದು, ಮಂಗಳೂರಿನಲ್ಲಿ ಮೂಗು ಸರಿಮಾಡಿಸಿಕೊಂಡು ಮರಳಿ ವಿಮಾನ ಹತ್ತುವ ಹುಡುಗ, ಊತದ ಮೂರನೇ ಒಂದು ಪಾಲನ್ನು ಜತೆಯಲ್ಲೇ ಹೊತ್ತು ಹೋಗುತ್ತಾನೆ. ಹೊಸ ಮೂಗು ಹೇಗಿದೆ ಎಂದು ಊರಿನಲ್ಲಿ ಯಾರೂ ನೋಡಿರುವುದಿಲ್ಲ. ಅದು ತನ್ನ ಆಕಾರಕ್ಕೆ ಬರುವುದು ಕೊಲ್ಲಿಯ ಯಾವುದೋ ಬಾಡಿಗೆ ಕೋಣೆಯಲ್ಲಿ.

ಕಾಸರಗೋಡಿನ ಮಾತಿನಲ್ಲಿ "ಮೂಗಿನ ಆಪರೇಷನ್" ಎಂದರೆ ಹಲವು ಬಗೆ. ಇಲ್ಲಿಂದ ಐವತ್ತು ಕಿಲೋಮೀಟರ್ ದೂರದ ಮಂಗಳೂರಿನ ಕಂಕನಾಡಿಗೋ ಅತ್ತಾವರಕ್ಕೋ, ಹತ್ತಿರದ ದೇರಳಕಟ್ಟೆಗೋ ಮೂಗಿನ ತೊಂದರೆ ಹಿಡಿದುಕೊಂಡು ಹೋಗುವವರಲ್ಲಿ ಹೆಚ್ಚಿನವರಿಗೆ ಅಂದದ ಚಿಂತೆ ಇರುವುದಿಲ್ಲ. ಉಸಿರು ಕಟ್ಟುವುದು, ತಲೆನೋವು, ಸೈನಸ್, ರಾತ್ರಿಯ ಗೊರಕೆ, ಇವೇ ಕಾರಣ. ಎರಡು ಹೊಳ್ಳೆಗಳ ನಡುವಿನ ಗೋಡೆ ಒಂದು ಬದಿಗೆ ವಾಲಿದ್ದರೆ ಅದನ್ನು ನೇರಮಾಡುವ ಸೆಪ್ಟೋಪ್ಲಾಸ್ಟಿಯಲ್ಲಿ ಕೊಯ್ಯುವುದು, ಹೊಲಿಯುವುದು ಎಲ್ಲ ಒಳಗೇ. ಹೊರಗೆ ಮುಖದಲ್ಲಿ ಊತ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಳಗೆ ಮಾತ್ರ ಲೋಳೆಪೊರೆ ಉಬ್ಬಿ, ಹೆಪ್ಪು ಕಟ್ಟಿ, ಎರಡು ಮೂರು ವಾರ ಮೂಗು ಶಸ್ತ್ರಚಿಕಿತ್ಸೆಗೆ ಮೊದಲಿಗಿಂತಲೂ ಹೆಚ್ಚು ಕಟ್ಟಿದಂತಿರುತ್ತದೆ. "ದುಡ್ಡು ಕೊಟ್ಟು ಉಸಿರು ಕಳಕೊಂಡೆ" ಎಂದು ಬೇಸರಪಡುವವರು ಈ ಹಂತದಲ್ಲೇ ಸಿಗುವುದು. ಎಂಡೋಸ್ಕೋಪು ಹಾಕಿ ಮಾಡುವ ಸೈನಸ್ ಶಸ್ತ್ರಚಿಕಿತ್ಸೆಯ ನಂತರವೂ ಹೀಗೆಯೇ. ಉಪ್ಪುನೀರಿನಲ್ಲಿ ತೊಳೆಯುತ್ತ, ಡಾಕ್ಟರು ಹೆಪ್ಪು ತೆಗೆಯುತ್ತ ಬಂದ ಹಾಗೆ ದಾರಿ ತೆರೆದುಕೊಳ್ಳುತ್ತದೆ. ಒಳಗಿನ ಗಾಯ ಪೂರ್ತಿ ಮಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಮೇಲಿನ ಎದುರು ಹಲ್ಲುಗಳು ಕೆಲವು ವಾರ ಜೋಮು ಹಿಡಿದಂತಿದ್ದರೆ ಹೆದರಬೇಕಾಗಿಲ್ಲ. ಆ ಹಲ್ಲುಗಳ ಹಿಂದಿನ ವಸಡಿಗೆ ಹೋಗುವ ನರ ಮೂಗಿನ ನಡುಗೋಡೆಯ ಮೇಲಿಂದಲೇ ಇಳಿದು ಬರುತ್ತದೆ.

ಹೆದ್ದಾರಿಯ ಪಕ್ಕದ ಊರಿನಲ್ಲಿ ಮೂಗು ಮುರಿದುಕೊಂಡವರ ಲೆಕ್ಕವೇ ಬೇರೆ. ಅಲ್ಲಿ ಊತ ಕೊನೆಗೆ ಬರುವ ಸಂಗತಿಯಲ್ಲ, ಚಿಕಿತ್ಸೆ ಯಾವಾಗ ಎಂಬುದನ್ನು ನಿರ್ಧರಿಸುವುದೇ ಅದು. ಪೆಟ್ಟು ಬಿದ್ದ ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕಿದರೆ ಮೂಳೆಯನ್ನು ಆಗಲೇ ಜಾಗಕ್ಕೆ ಕೂರಿಸಬಹುದು. ಒಮ್ಮೆ ಊದಿಕೊಂಡ ಮೇಲೆ ಮೂಳೆ ಎಷ್ಟು ಸರಿದಿದೆ ಎಂಬುದು ಬೆರಳಿಗೂ ತಿಳಿಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಹಾಗಾಗಿ ಡಾಕ್ಟರು ಐದಾರು ದಿನ ಬಿಟ್ಟು ಬರಲು ಹೇಳುತ್ತಾರೆ. ಈ ಮಾತನ್ನು ಉದಾಸೀನ ಎಂದು ತಿಳಿದು ಮತ್ತೆ ಹೋಗದೇ ಇರುವವರಿದ್ದಾರೆ. ದೊಡ್ಡವರಲ್ಲಿ ಹತ್ತರಿಂದ ಹದಿನಾಲ್ಕು ದಿನ ದಾಟಿದರೆ, ಮಕ್ಕಳಲ್ಲಿ ಅದಕ್ಕಿಂತಲೂ ಬೇಗ, ಮೂಳೆ ಸೊಟ್ಟಗಿದ್ದಲ್ಲೇ ಕೂಡಿಕೊಳ್ಳುತ್ತದೆ. ಆಮೇಲೆ ಅದನ್ನು ಕೈಯಿಂದ ಒತ್ತಿ ಸರಿಮಾಡುವಂತಿಲ್ಲ. ತಿಂಗಳುಗಳ ನಂತರ ಮತ್ತೆ ಒಡೆದೇ ಕೂಡಿಸಬೇಕು.

ಇನ್ನು ಆಕಾರದ ಶಸ್ತ್ರಚಿಕಿತ್ಸೆ. ಊತದ ಕಥೆ ನಿಜವಾಗಿ ಉದ್ದವಾಗುವುದು ಇಲ್ಲಿ.

ಶಸ್ತ್ರವೈದ್ಯರು ಮೂಗಿನ ಚರ್ಮವನ್ನು ಅದರ ಕೆಳಗಿನ ಮೂಳೆ ಮತ್ತು ಮೃದ್ವಸ್ಥಿಗಳಿಂದ ಬಿಡಿಸಿ ಎತ್ತುತ್ತಾರೆ, ಒಳಗಿನ ಚೌಕಟ್ಟನ್ನು ಕೆತ್ತಿಯೋ ಜೋಡಿಸಿಯೋ ಬದಲಿಸುತ್ತಾರೆ, ಮತ್ತೆ ಚರ್ಮವನ್ನು ಹೊದಿಸುತ್ತಾರೆ. ಗಾಯವಾದ ಕೂಡಲೇ ಸುತ್ತಲಿನ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಾಗಿ ದ್ರವ ಹೊರಗೆ ಒಸರುತ್ತದೆ. ಇದು ದುರಸ್ತಿ ಕೆಲಸಕ್ಕೆ ದೇಹ ಕಳಿಸುವ ಸಾಮಗ್ರಿ. ಇದರ ಜತೆಯಲ್ಲೇ ಗಾಯ ಮಾಯಿಸುವ ಜೀವಕೋಶಗಳು ಬರುತ್ತವೆ. ಹೆಚ್ಚಾದ ದ್ರವವನ್ನು ವಾಪಸು ಒಯ್ಯಬೇಕಾದದ್ದು ಅಭಿಧಮನಿಗಳು ಮತ್ತು ದುಗ್ಧರಸ ನಾಳಗಳು. ತೊಂದರೆ ಎಂದರೆ, ಚರ್ಮ ಬಿಡಿಸುವಾಗ ಇದೇ ನಾಳಗಳಲ್ಲಿ ಕೆಲವು ತುಂಡಾಗಿರುತ್ತವೆ. ತರುವ ದಾರಿ ತೆರೆದಿದೆ, ಒಯ್ಯುವ ದಾರಿ ಮುಚ್ಚಿದೆ. ಹೊಸ ನಾಳಗಳು ಬೆಳೆದು ಸಂಪರ್ಕ ಕೂಡುವವರೆಗೆ, ವಾರಗಳೇನು ತಿಂಗಳುಗಳೇ ಹಿಡಿದರೂ, ಮೂಗು ಕಾಯಬೇಕು.

ಈ ನಾಳಗಳು ಮೂಗಿನಲ್ಲಿ ಯಾವ ಪದರದಲ್ಲಿ ಹಾದುಹೋಗುತ್ತವೆ ಎಂಬುದನ್ನು ಅಮೆರಿಕದ ಶಸ್ತ್ರವೈದ್ಯ ಡೀನ್ ಟೋರಿಯುಮಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಚೆನ್ನಾಗಿ ತೋರಿಸಿತು. ಮೂಗಿನ ಮುಖ್ಯ ರಕ್ತನಾಳಗಳೂ ದುಗ್ಧರಸ ನಾಳಗಳೂ ಚರ್ಮದ ಕೆಳಗಿನ ತೆಳು ಸ್ನಾಯುಪದರದಲ್ಲಿ ಅಥವಾ ಅದರ ಮೇಲೆ ಇರುತ್ತವೆ. ಆ ಪದರಕ್ಕಿಂತ ಕೆಳಗೆ, ಮೃದ್ವಸ್ಥಿಗೆ ಅಂಟಿಕೊಂಡಂತೆ ಬಿಡಿಸಿದರೆ ಬಹುಪಾಲು ನಾಳಗಳು ಉಳಿಯುತ್ತವೆ. ಮೇಲೆ ಹೋದರೆ ಕಡಿದುಹೋಗುತ್ತವೆ. ಅದೇ ಶಸ್ತ್ರಚಿಕಿತ್ಸೆ, ಅದೇ ವಯಸ್ಸು, ಆದರೂ ಇಬ್ಬರ ಊತ ಒಂದೇ ತರಹ ಇಳಿಯದಿರಲು ಒಂದು ಕಾರಣ ಕಾಣದ ಈ ಒಂದೆರಡು ಮಿಲಿಮೀಟರಿನಲ್ಲಿದೆ. ಎರಡು ಹೊಳ್ಳೆಗಳ ನಡುವಿನ ಸಣ್ಣ ಕಂಬವನ್ನು ಅಡ್ಡಕ್ಕೆ ಕೊಯ್ದು ಮಾಡುವ "ಓಪನ್" ವಿಧಾನದಲ್ಲಿ, ಎಲ್ಲವನ್ನೂ ಹೊಳ್ಳೆಯೊಳಗಿನಿಂದಲೇ ಮಾಡುವ "ಕ್ಲೋಸ್ಡ್" ವಿಧಾನಕ್ಕಿಂತ ತುದಿಯ ಊತ ಹೆಚ್ಚು ದಿನ ನಿಲ್ಲುತ್ತದೆ.

ಊತ ಮೂಗಿನ ಎಲ್ಲ ಕಡೆಯಿಂದ ಒಂದೇ ಸಮನೆ ಇಳಿಯುವುದಿಲ್ಲ. ಮೇಲಿನ ಮೂಳೆಯ ಭಾಗ ಬೇಗ ಸ್ಪಷ್ಟವಾಗುತ್ತದೆ. ಮೂಗಿನ ಚರ್ಮ ಅತ್ಯಂತ ತೆಳುವಾಗಿರುವುದು ಮೂಳೆ ಮುಗಿದು ಮೃದ್ವಸ್ಥಿ ಶುರುವಾಗುವ ಜಾಗದಲ್ಲಿ. ಹುಬ್ಬುಗಳ ನಡುವೆಯೂ ತುದಿಯಲ್ಲೂ ಅದು ದಪ್ಪ. ತುದಿಯ ದಪ್ಪ ಚರ್ಮದಲ್ಲಿ ಎಣ್ಣೆ ಗ್ರಂಥಿಗಳೂ ಹೆಚ್ಚು, ದ್ರವ ಹಿಡಿದಿಟ್ಟುಕೊಳ್ಳುವ ಗುಣವೂ ಹೆಚ್ಚು. ತುದಿ ಮತ್ತು ಅದರ ಮೇಲಿನ ಅರ್ಧ ಅಂಗುಲ ಕೊನೆಗೆ ಇಳಿಯುತ್ತವೆ. ಎರಡನೇ ತಿಂಗಳಲ್ಲಿ ಬದಿಯಿಂದ ನೋಡಿದರೆ ತುದಿಯ ಮೇಲೆ ಗಿಳಿಯ ಕೊಕ್ಕಿನಂಥ ಉಬ್ಬು ಕಂಡು "ಡಾಕ್ಟರು ಹಾಳುಮಾಡಿದರು" ಎಂದು ಅಳುವವರುಂಟು. ಬಹಳಷ್ಟು ಸಲ ಅದು ನೀರು, ಮೂಗಲ್ಲ. ಕೆಲವು ಸಲ ಮಾತ್ರ ಚರ್ಮದಡಿ ಗಾಯದ ಅಂಗಾಂಶ ದಪ್ಪಗಟ್ಟಿರುತ್ತದೆ. ಆಗ ವೈದ್ಯರು ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ಅತಿ ಸಣ್ಣ ಪ್ರಮಾಣದಲ್ಲಿ ಆ ಜಾಗಕ್ಕೆ ಚುಚ್ಚುತ್ತಾರೆ. ಹೆಚ್ಚಾದರೆ ಚರ್ಮ ತೆಳುವಾಗಿ ಗುಳಿ ಬೀಳುವ ಅಪಾಯವಿರುವುದರಿಂದ ಅದನ್ನು ಕೇಳಿ ಮಾಡಿಸಿಕೊಳ್ಳುವ ಚುಚ್ಚುಮದ್ದು ಎಂದು ತಿಳಿಯಬಾರದು.

ಚರ್ಮದ ದಪ್ಪದ ವಿಚಾರ ನಮ್ಮವರಿಗೆ ಹೆಚ್ಚು ಮುಖ್ಯ. ಕೊಡದ ಮೇಲೆ ತೆಳು ಬೈರಾಸು ಹೊದಿಸಿದರೆ ಅದರ ಕಂಠ, ಬಾಯಿ ಎಲ್ಲ ಎದ್ದು ಕಾಣುತ್ತವೆ. ಕಂಬಳಿ ಹೊದಿಸಿದರೆ ಏನೋ ದುಂಡಗಿನದು ಇದೆ ಎಂದಷ್ಟೇ ತಿಳಿಯುತ್ತದೆ. ಯುರೋಪಿನ ತೆಳು ಚರ್ಮದವರಿಗಿಂತ ದಕ್ಷಿಣ ಭಾರತದ ಬಹಳಷ್ಟು ಮಂದಿಗೆ ಮೂಗಿನ ತುದಿಯ ಚರ್ಮ ದಪ್ಪ. ಅವರಿಗೆ ಊತ ಪೂರ್ತಿ ಇಳಿಯಲು ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷವೂ ಬೇಕು. ಮೊಬೈಲಿನಲ್ಲಿ ಯಾವುದೋ ದೇಶದ ಯುವತಿ ಆರನೇ ವಾರದಲ್ಲಿ ತೋರಿಸುವ ಚೂಪು ಮೂಗನ್ನು ನೋಡಿ ತನ್ನದನ್ನು ಅಳೆಯುವುದರಲ್ಲಿ ಅರ್ಥವಿಲ್ಲ. ಮೂಗಿನೊಂದಿಗೆ ಅವಳ ಚರ್ಮವನ್ನೂ ಅವಳ ಶಸ್ತ್ರವೈದ್ಯರ ಕತ್ತಿ ಓಡಿದ ಪದರವನ್ನೂ ಹೋಲಿಸಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರದ ಮೂಗನ್ನು ಚಿತ್ರವಾಗಿಸಿ ತೋರಿಸುವ ಚಾಳಿ ಮೊಬೈಲಿನಿಂದ ಶುರುವಾದದ್ದಲ್ಲ. ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯ ಅತ್ಯಂತ ಪ್ರಸಿದ್ಧ "ಆಮೇಲಿನ" ಚಿತ್ರ ನಮ್ಮ ಸುತ್ತಮುತ್ತಲಿನ ಯುದ್ಧವೊಂದರಿಂದ ಹುಟ್ಟಿದ್ದು. 1792ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿಯ ಸೇನೆಗಳು ಶ್ರೀರಂಗಪಟ್ಟಣವನ್ನು ಮುತ್ತಿದ್ದವು. ಬಾಂಬೆ ಸೇನೆ ಬಂದದ್ದು ನಮ್ಮ ದಕ್ಷಿಣದ ಕಣ್ಣೂರಿನ ಕಡೆಯಿಂದ ಕೊಡಗಿನ ಘಟ್ಟ ಹತ್ತಿ. ಆ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠಾ ರೈತ ಸೆರೆಯಾದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು ಎಂದು ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' 1794ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಪತ್ರ ಹೇಳುತ್ತದೆ. (ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರಿಗೆ ಮೂಗು ಕೊಯ್ಯುವ ಪ್ರಸಂಗ ಹೊಸತೇನಲ್ಲ. ಆದರೆ ಯಕ್ಷಗಾನದ ಶೂರ್ಪನಖಿ ಮೂಗು ಹೋದ ಕೂಡಲೇ ಅಣ್ಣಂದಿರನ್ನು ಹುಡುಕಿಕೊಂಡು ಹೋಗುತ್ತಾಳೆ, ವೈದ್ಯರನ್ನಲ್ಲ.)

ಕಾವಸಜಿ ವರ್ಷಕ್ಕೂ ಮಿಕ್ಕಿ ಮೂಗಿಲ್ಲದೆ ಕಳೆದ. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬ ಕಸುಬುದಾರ ಅವನಿಗೆ ಮೂಗು ಕಟ್ಟಿಕೊಟ್ಟ. ಇಂಥ ಚಿಕಿತ್ಸೆಯನ್ನು ಬಾಂಬೆ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡು ಕೊಟ್ಟ ವಿವರ ಆ ಪತ್ರದಲ್ಲಿದೆ. ಮೊಂಡು ಮೂಗಿನ ಮೇಲೆ ಮೇಣದ ತೆಳು ಹಾಳೆಯಿಂದ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಅಷ್ಟಗಲ ಚರ್ಮವನ್ನು ಬಿಡಿಸುತ್ತಿದ್ದರು. ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕೊಯ್ಯದೆ ಉಳಿಸುತ್ತಿದ್ದರು; ಹೊಸ ಜಾಗದಲ್ಲಿ ಬೇರು ಹಿಡಿಯುವವರೆಗೆ ರಕ್ತ ಹರಿಯುವುದು ಆ ಪಟ್ಟಿಯ ಮೂಲಕ. ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗೆ ತಂದು ಮೂಗಿನ ಅಂಚಿಗೆ ಸೇರಿಸಿ, ನೀರಿನಲ್ಲಿ ಮೆತ್ತಗಾಗಿಸಿದ ಕಾಚು ಹಚ್ಚಿದ ಬಟ್ಟೆಯ ಪಟ್ಟಿಗಳನ್ನು ಒಂದರ ಮೇಲೊಂದು ಐದಾರು ಹಾಕುತ್ತಿದ್ದರು.

ಮುಂದಿನದು ನಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ನಾಲ್ಕು ದಿನ ಕಾಚಿನ ಪಟ್ಟಿ ಬಿಟ್ಟರೆ ಬೇರೇನಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ರೋಗಿ ಅಂಗಾತ ಮಲಗಿರಬೇಕು. ಹತ್ತನೇ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆ ತುಂಡು. ಇಪ್ಪತ್ತೈದನೇ ದಿನದ ಹೊತ್ತಿಗೆ ಹುಬ್ಬಿನ ನಡುವಿನ ಪಟ್ಟಿಯನ್ನು ಕತ್ತರಿಸಿ, ಮೂಗಿನ ಅಂದಕ್ಕಾಗಿ ಇನ್ನಷ್ಟು ತಿದ್ದುವುದು. ಇಂದಿನ ಆಸ್ಪತ್ರೆಗಳಲ್ಲಿ ಕ್ಯಾನ್ಸರಿನಿಂದಲೋ ಅಪಘಾತದಿಂದಲೋ ಮೂಗು ಕಳೆದುಕೊಂಡವರಿಗೆ ಹಣೆಯ ಚರ್ಮದಿಂದ ಮೂಗು ಕಟ್ಟುವಾಗ ಸಾಮಾನ್ಯವಾಗಿ ಸುಮಾರು ಮೂರು ವಾರಕ್ಕೆ ಪಟ್ಟಿ ಕತ್ತರಿಸುತ್ತಾರೆ. ಎರಡು ಶತಮಾನದ ಹಿಂದಿನ ಆ ಇಟ್ಟಿಗೆಯವನ ಕ್ಯಾಲೆಂಡರಿಗೂ ಇದಕ್ಕೂ ವ್ಯತ್ಯಾಸ ನಾಲ್ಕೈದು ದಿನ ಮಾತ್ರ.

ಕಾವಸಜಿಯ ಚಿತ್ರವನ್ನು ಜೇಮ್ಸ್ ವೇಲ್ಸ್ ಎಂಬ ಕಲಾವಿದ ಬರೆದ. ಅದು 1794ರ ಜನವರಿಯಲ್ಲಿ, ಶಸ್ತ್ರಚಿಕಿತ್ಸೆಯಾಗಿ ಹತ್ತು ತಿಂಗಳ ನಂತರ ಬರೆದದ್ದು ಎಂದು ಪತ್ರ ಎಚ್ಚರದಿಂದ ದಾಖಲಿಸುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಆ ವಿವರಣೆಯ ಬೆನ್ನು ಹತ್ತಿ 1814ರ ಅಕ್ಟೋಬರಿನಲ್ಲಿ ಸೈನ್ಯಾಧಿಕಾರಿಯೊಬ್ಬನಿಗೆ ಮೂಗು ಕಟ್ಟಿದ. 1816ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ಅಲ್ಲಿಂದ ಯುರೋಪಿನ ರೈನೋಪ್ಲಾಸ್ಟಿಯ ಹೊಸ ಅಧ್ಯಾಯ ಶುರುವಾಯಿತು. ಆ ಚಿತ್ರವನ್ನು ಹತ್ತನೇ ದಿನ ಬರೆದಿದ್ದರೆ ಊದಿದ ಚರ್ಮದ ಒಂದು ಮುದ್ದೆ ಕಾಣುತ್ತಿತ್ತು. ಅದನ್ನು ನೋಡಿ ಲಂಡನ್ನಿನಲ್ಲಿ ಯಾರಾದರೂ ಕತ್ತಿ ಎತ್ತಿಕೊಳ್ಳುತ್ತಿದ್ದರೇ ಎಂಬುದು ಅನುಮಾನ.

ಇದಕ್ಕೂ ಬಹಳ ಹಿಂದಿನ ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ಕ್ರಮವಿದೆ. ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮವನ್ನು ತರುವುದು, ಉಸಿರಾಡಲು ಹರಳುಗಿಡದ ಎರಡು ಟೊಳ್ಳು ಕೊಳವೆಗಳನ್ನು ಹೊಳ್ಳೆಯಲ್ಲಿಡುವುದು, ಯಷ್ಟಿಮಧು ಮುಂತಾದವುಗಳ ಪುಡಿ ಉದುರಿಸಿ, ಬಿಳಿ ಹತ್ತಿ ಮುಚ್ಚಿ, ಮತ್ತೆ ಮತ್ತೆ ಎಳ್ಳೆಣ್ಣೆ ಚಿಮುಕಿಸುವುದು. ಗಾಯ ಕೂಡಿಕೊಂಡ ಮೇಲೆ ಮೂಗು ಚಿಕ್ಕದಾಗಿ ಕಂಡರೆ ಬೆಳೆಸಲು ಯತ್ನಿಸಬೇಕು, ಮಾಂಸ ಹೆಚ್ಚಾಗಿದ್ದರೆ ಸಮಮಾಡಬೇಕು ಎಂಬ ಸೂಚನೆಯೂ ಅಲ್ಲಿದೆ. ಮೊದಲು ಮಾಗಲಿ, ತಿದ್ದುವುದು ಆಮೇಲೆ ಎಂಬ ಕ್ರಮ. ಜುನಾಗಢದ ಮುಖ್ಯ ವೈದ್ಯ ತ್ರಿಭುವನದಾಸ್ ಮೋತಿಚಂದ್ ಶಾ, ಡಕಾಯಿತರಿಂದ ಮೂಗು ಕಳೆದುಕೊಂಡವರಿಗೂ ಮೂಗು ಕಟ್ಟಿಕೊಟ್ಟು, 1889ರಲ್ಲಿ ನೂರು ರೋಗಿಗಳ ವಿವರಗಳೊಂದಿಗೆ ಪುಸ್ತಕ ತಂದಾಗ ಕ್ಲೋರೋಫಾರ್ಮ್ ಬಂದಿತ್ತು, ಕತ್ತಿಗಳು ಸುಧಾರಿಸಿದ್ದವು.

ಊತದ ಮಟ್ಟಿಗೆ ಇವತ್ತು ಏನು ಬದಲಾಗಿದೆ? ಮೊದಲ ವಾರ ಬದಲಾಗಿದೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕೊಡುವ ಡೆಕ್ಸಾಮೆಥಾಸೋನಿನಂಥ ಸ್ಟೀರಾಯ್ಡು ಮೊದಲ ಎರಡು ದಿನದ ಊತ, ಕಪ್ಪುಗಟ್ಟುವಿಕೆಗಳನ್ನು ತಗ್ಗಿಸುತ್ತದೆ. ವಾರ ಕಳೆಯುವಾಗ ಅದರ ಲಾಭ ಉಳಿದಿರುವುದಿಲ್ಲ. ಮೂಳೆಯನ್ನು ಉಳಿ-ಸುತ್ತಿಗೆಯಿಂದ ಒಡೆಯುವ ಬದಲು ಅತಿಧ್ವನಿಯ ಕಂಪನದಿಂದ ಕೊಯ್ಯುವ ಪೀಜೋ ಉಪಕರಣಗಳಿಂದ ಕಣ್ಣಿನ ಸುತ್ತಲಿನ ನೀಲಿ ಕಡಿಮೆಯಾಗುತ್ತದೆ. ತುದಿಯ ಆ ಒಂದು ವರ್ಷವನ್ನು ಮಾತ್ರ ಯಾವ ಉಪಕರಣವೂ ಆರು ತಿಂಗಳಿಗೆ ಇಳಿಸಿಲ್ಲ. ಗಾಯದೊಳಗಿನ ಅಂಗಾಂಶ ತನ್ನನ್ನು ತಾನು ಮರುಜೋಡಿಸಿಕೊಳ್ಳುವ ಕೆಲಸ ತಿಂಗಳುಗಟ್ಟಲೆ ನಡೆಯುವಂಥದು.

ಹಾಗೆಂದು ಮನೆಯಲ್ಲಿ ಮಾಡುವಂಥದು ಏನೂ ಇಲ್ಲವೆಂದಲ್ಲ. ಮೊದಲ ಎರಡು ದಿನ ಕಣ್ಣು, ಕೆನ್ನೆಗಳ ಮೇಲೆ ಬಟ್ಟೆ ಸುತ್ತಿದ ಮಂಜುಗಡ್ಡೆ, ಮೂಗಿನ ಮೇಲೆ ಭಾರ ಬೀಳದಂತೆ. ಒಂದೆರಡು ವಾರ ಎರಡು ಮೂರು ತಲೆದಿಂಬು ಇಟ್ಟು ತಲೆ ಎತ್ತರಿಸಿ ಮಲಗುವುದು. ಬೆಳಿಗ್ಗೆ ಮೂಗು ದಪ್ಪವಾಗಿ, ಸಂಜೆಗೆ ತೆಳ್ಳಗೆ ಕಾಣುವುದಕ್ಕೆ ರಾತ್ರಿಯಿಡೀ ಅಡ್ಡ ಮಲಗಿದ್ದೇ ಕಾರಣ. ಇದು ತಿಂಗಳುಗಳವರೆಗೆ ಇರಬಹುದು. ಎರಡು ವಾರ ಸಿಂಬಳ ಸೀಟಬಾರದು; ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕನ್ನಡಕ ಹಾಕುವವರು ನಾಲ್ಕರಿಂದ ಆರು ವಾರ ಅದನ್ನು ಮೂಗಿನ ಮೇಲೆ ಕೂರಿಸದೆ ಬೇರೆ ಉಪಾಯ ಹುಡುಕಬೇಕು. ಭಾರ ಎತ್ತುವುದು, ಓಟ ಎಲ್ಲ ಮೂರು ನಾಲ್ಕು ವಾರ ಬೇಡ. ವಾಲಿಬಾಲಿನಂಥ, ಚೆಂಡು ಮುಖಕ್ಕೆ ಬಡಿಯುವ ಆಟಗಳು ಇನ್ನೂ ತಡವಾಗಿ. ಸಿಗರೇಟು ಸೇದುವವರಲ್ಲಿ ಗಾಯ ಮಾಗುವುದೇ ನಿಧಾನ.

ಊಟದ ವಿಚಾರಕ್ಕೆ ಬಂದರೆ ಕರಾವಳಿಯ ಮನೆಗಳಲ್ಲಿ ಒಂದು ಸಣ್ಣ ಬಲೆ ಇದೆ. ಹುಷಾರಿಲ್ಲದವರಿಗೆ ಕುಚ್ಚಲಕ್ಕಿ ಗಂಜಿ ಕೊಡುವುದು ರೂಢಿ. ಅಗಿಯುವ ಕಷ್ಟವಿಲ್ಲ, ಒಳ್ಳೆಯದೇ. ಆದರೆ ಗಂಜಿಯ ಜತೆ ಬರುವ ಉಪ್ಪಿನಕಾಯಿ, ಹಪ್ಪಳ, ಒಣಮೀನು ಸೇರಿದರೆ ಹೊಟ್ಟೆಗೆ ಹೋಗುವ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಮರುದಿನ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವುದು ಅದೇ. ಮೂಗು ಕಟ್ಟಿದೆ ಎಂದು ಅಜ್ಜಿ ಇಟ್ಟುಕೊಡುವ ಬಿಸಿಬಿಸಿ ಹಬೆಯನ್ನೂ ಮೊದಲ ವಾರಗಳಲ್ಲಿ ನಯವಾಗಿ ನಿರಾಕರಿಸಬೇಕು. ಶಾಖಕ್ಕೆ ರಕ್ತನಾಳಗಳು ಹಿಗ್ಗುತ್ತವೆ, ಊತವೂ ರಕ್ತ ಒಸರುವ ಸಂಭವವೂ ಹೆಚ್ಚುತ್ತವೆ. ಏಪ್ರಿಲ್-ಮೇ ತಿಂಗಳ ಸೆಖೆಯಲ್ಲಿ ಮಾಡಿಸಿಕೊಂಡವರಿಗೆ ಬೆವರಿಗೆ ಮೂಗಿನ ಮೇಲೆ ಅಂಟಿಸಿದ ಟೇಪು ಕಿತ್ತುಬರುವ ಕಷ್ಟ, ಜೂನಿನಲ್ಲಿ ಮಾಡಿಸಿಕೊಂಡವರಿಗೆ ಶೀತದ ಕಷ್ಟ. ನೆಗಡಿ ಬಂದರೆ ಇಳಿದ ಊತ ಕೆಲವು ದಿನ ಮತ್ತೆ ಏರುವುದುಂಟು.

ಉಪ್ಪುನೀರಿನಲ್ಲಿ ಮೂಗು ತೊಳೆಯುವಾಗ ಕೇರಳದಲ್ಲಿ ಈಗ ಹೆಚ್ಚಿನ ಎಚ್ಚರ ಬೇಕಾಗಿದೆ. 2024 ಮತ್ತು 2025ರಲ್ಲಿ ರಾಜ್ಯದಲ್ಲಿ ಅಮೀಬಿಕ್ ಮೆದುಳು ಜ್ವರದ ಪ್ರಕರಣಗಳು ಬೆಳಕಿಗೆ ಬಂದವು. ಕೆರೆ-ಕೊಳಗಳ ನೀರಿನಲ್ಲಿರುವ ನೇಗ್ಲೇರಿಯಾ ಅಮೀಬಾ ದೇಹ ಹೊಗುವ ದಾರಿಯೇ ಮೂಗು. ಮೂಗು ತೊಳೆಯುವ ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಿರಬೇಕು, ಬಾವಿಯಿಂದ ಸೇದಿ ನೇರ ಬಳಸುವಂತಿಲ್ಲ. ಶಸ್ತ್ರಚಿಕಿತ್ಸೆಯಾದವರು ವೈದ್ಯರು ಹೇಳುವವರೆಗೆ ಕೆರೆಯ ಈಜು, ಜಲನೇತಿ ಎರಡನ್ನೂ ಬಿಡಬೇಕು.

ಮೂಗುಬೊಟ್ಟು ಹಾಕುವವರದು ಇನ್ನೊಂದು ಸಂಕಟ. ಶಸ್ತ್ರಚಿಕಿತ್ಸೆಗೆ ಮೊದಲು ತೆಗೆಯಬೇಕು. ಹೊಳ್ಳೆಯ ಊತ ಇಳಿಯದೆ ಮತ್ತೆ ಹಾಕುವಂತಿಲ್ಲ. ಅಷ್ಟರೊಳಗೆ ತೂತು ಮುಚ್ಚಿಹೋಗಲೂಬಹುದು. ಮದುವೆ ನಿಶ್ಚಯವಾದ ಮೇಲೆ ಎರಡು ತಿಂಗಳ ಅವಧಿಯಲ್ಲಿ ಮೂಗು ಸರಿಮಾಡಿಸಲು ಹೊರಡುವ ಮನೆಗಳಿಗೆ ಇದನ್ನು ಹೇಳುವವರು ಬೇಕು. ಮಂಟಪದಲ್ಲಿ ಕುಳಿತವಳ ಮೂಗು ಚೆನ್ನಾಗಿಯೇ ಕಾಣಬಹುದು, ಆದರೆ ವಿಡಿಯೋದವರ ದೀಪದ ಕೆಳಗೆ ತುದಿ ದುಂಡಗೆ, ನಗು ಸ್ವಲ್ಪ ಬಿಗಿಯಾಗಿ ಕಂಡರೆ ಆಶ್ಚರ್ಯವಿಲ್ಲ. ಮೇಲ್ತುಟಿಯ ಬಿಗಿತ, ಮೂಗಿನ ತುದಿಯ ಜೋಮು ಕೆಲವು ವಾರಗಳಿಂದ ತಿಂಗಳುಗಳವರೆಗೆ ಇರುತ್ತವೆ.

ಕಾಯಬಾರದ ಊತವೂ ಒಂದಿದೆ. ಇಲ್ಲಿಯವರೆಗೆ ಹೇಳಿದ "ತಾಳ್ಮೆ" ಎಂಬ ಮಾತು ಅದಕ್ಕೆ ಅನ್ವಯಿಸುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರವಾಗಲಿ, ಬಿದ್ದು ಪೆಟ್ಟಾದ ಮೇಲಾಗಲಿ, ಎರಡೂ ಹೊಳ್ಳೆಗಳು ಒಮ್ಮೆಗೇ ಕಟ್ಟಿ, ನೋವು ಗಂಟೆಗಂಟೆಗೆ ಏರಿ, ಒಳಗೆ ನಡುಗೋಡೆ ಮೆತ್ತಗೆ ಉಬ್ಬಿದಂತಿದ್ದರೆ ಅಲ್ಲಿ ರಕ್ತ ಶೇಖರವಾಗಿರಬಹುದು. ನಡುಗೋಡೆಯ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಅದಕ್ಕೆ ಆಹಾರ ಬರುವುದು ಮೇಲಿನ ಪೊರೆಯಿಂದ. ನಡುವೆ ರಕ್ತ ತುಂಬಿ ಪೊರೆ ದೂರ ಸರಿದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸತ್ತು, ಮುಂದೆ ಮೂಗಿನ ಬೆನ್ನು ಕುಸಿದು ಕುದುರೆಯ ತಡಿಯಂತಾಗುತ್ತದೆ. ಅದೇ ದಿನ ರಕ್ತ ಹೊರಹಾಕಬೇಕು. ಆಟವಾಡುವಾಗ ಬಿದ್ದ ಮಕ್ಕಳಲ್ಲಿ ಇದನ್ನು "ಊತ, ಇಳಿಯುತ್ತದೆ" ಎಂದು ಬಿಟ್ಟುಬಿಡುವ ಅಪಾಯ ಹೆಚ್ಚು. ಜ್ವರ, ದುರ್ವಾಸನೆಯ ಸ್ರಾವ, ನಿಲ್ಲದ ರಕ್ತ, ದೃಷ್ಟಿ ಮಸುಕಾಗುವುದು, ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕುವುದು, ಇಳಿಯುತ್ತಿದ್ದ ಊತ ಒಂದೇ ಬದಿಯಲ್ಲಿ ದಿಢೀರನೆ ಏರುವುದು, ಇವೆಲ್ಲವೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು.

ಕೂಡಲೇ ಎಂಬುದು ಗಡಿನಾಡಿನಲ್ಲಿ ಸುಲಭದ ಮಾತಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಹೆಸರಿನಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲಿ ಸಿಕ್ಕಿಬಿದ್ದರು, ಕೆಲವರು ಪ್ರಾಣ ಕಳೆದುಕೊಂಡರು; ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಬದಿಯಡ್ಕ ಸಮೀಪದ ಉಕ್ಕಿನಡ್ಕದಲ್ಲಿ ನಿಧಾನವಾಗಿ ಏಳುತ್ತಿದ್ದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡ ಆಗ ಕೋವಿಡ್ ಆಸ್ಪತ್ರೆಯಾಯಿತು. ದೂರದ ಕಷ್ಟ ತುರ್ತಿನ ಹೊತ್ತಿಗೆ ಮಾತ್ರವಲ್ಲ. ಮೂಗಿನ ಶಸ್ತ್ರಚಿಕಿತ್ಸೆ ಒಂದು ದಿನದ ಕೆಲಸವಾದರೂ ಅದರ ತಪಾಸಣೆ ವರ್ಷದುದ್ದಕ್ಕೂ ಇರುತ್ತದೆ: ಒಂದು ವಾರ, ಒಂದು ತಿಂಗಳು, ಮೂರು, ಆರು, ಹನ್ನೆರಡು ತಿಂಗಳು. ಪ್ಲಾಸ್ಟರ್ ತೆಗೆದ ಮೇಲೆ ವಿದ್ಯಾನಗರದಿಂದ ಮಂಗಳೂರಿಗೆ ಮತ್ತೆ ಬಸ್ಸು ಹತ್ತುವವರು ಕಡಿಮೆ. ಗಾಯದ ಅಂಗಾಂಶ ದಪ್ಪಗಟ್ಟುತ್ತಿದೆಯೇ, ಟೇಪು ಸಾಕೇ, ಚುಚ್ಚುಮದ್ದು ಬೇಕೇ ಎಂದು ತಿಳಿಯುವುದು ಒಂದರಿಂದ ಆರನೇ ತಿಂಗಳ ನಡುವಿನ ಭೇಟಿಗಳಲ್ಲಿ, ಅಂದರೆ ಜನ ತಪ್ಪಿಸಿಕೊಳ್ಳುವ ಭೇಟಿಗಳಲ್ಲೇ.

ಊತದ ಇಳಿತವನ್ನು ತಾವೇ ಗಮನಿಸಬೇಕೆನ್ನುವವರು ತಿಂಗಳಿಗೊಂದು ಫೋಟೋ ತೆಗೆದರೆ ಸಾಕು: ಅದೇ ಕಿಟಕಿಯ ಬೆಳಕು, ಹಗಲಿನ ಅದೇ ಹೊತ್ತು, ಎದುರಿನಿಂದ ಒಂದು, ಬದಿಯಿಂದ ಒಂದು, ಮೊಬೈಲನ್ನು ಒಂದು ಮಾರು ದೂರ ಇಟ್ಟು. ತೋಳಿನ ಅಳತೆಗಿಂತ ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಊತವಿಲ್ಲದ ಮೂಗೂ ದಪ್ಪವಾಗಿಯೇ ಬರುತ್ತದೆ. ವರ್ಷ ಕಳೆದ ಮೇಲೂ ಆಕಾರ ಒಪ್ಪದಿದ್ದರೆ ಎರಡನೇ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಅದಕ್ಕಿಂತ ಮೊದಲು ಹೆಚ್ಚಿನ ಶಸ್ತ್ರವೈದ್ಯರು ಒಪ್ಪುವುದಿಲ್ಲ. ಊದಿಕೊಂಡ, ಇನ್ನೂ ಗಟ್ಟಿಯಾಗಿರುವ ಅಂಗಾಂಶದಲ್ಲಿ ಪದರಗಳು ಒಂದರಿಂದೊಂದು ಬಿಡಿಸಿಕೊಳ್ಳುವುದಿಲ್ಲ, ಅಳತೆಯೂ ಸಿಗುವುದಿಲ್ಲ. ಮೊದಲ ಸಲವೇ ಕೆಲವು ನಾಳಗಳು ಕಡಿದುಹೋಗಿರುವುದರಿಂದ ಎರಡನೇ ಸಲದ ಊತ ಮೊದಲಿನದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ವೈದ್ಯರು ಕೊಡುವ ಗಡುವು ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳು.